ವಿಷ ಕರಗಿಸುವ ಮಣ್ಣಿನ ಜೀವಾಣುಗಳು: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಈಚಿನ ದಿನಗಳಲ್ಲಿ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ದರ, ಅಡಿಕೆ ಧಾರಣೆಗಳ ಜೊತೆಗೆ ಮತ್ತೊಂದು ವಿಷಯವನ್ನೂ ವಿಚಾರಿಸುತ್ತಿದ್ದಾರೆ. “ಮಣ್ಣಿನಲ್ಲಿ ಉಳಿದ ವಿಷವನ್ನು ತಿಂದುಹಾಕುವ ಜೀವಾಣುಗಳು ಇವೆಯಂತೆ, ಪೊಟ್ಟಣದಲ್ಲಿ ಸಿಗುತ್ತವಂತೆ, ತರಿಸಿಕೊಡುತ್ತೀರಾ?” ಎಂಬುದೇ ಆ ಪ್ರಶ್ನೆ. ಪ್ರಶ್ನೆ ಒಳ್ಳೆಯದೇ. ಆದರೆ ಉತ್ತರ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಅಂಥ ಜೀವಾಣುಗಳು ಇರುವುದು ನಿಜ. ಅವುಗಳಲ್ಲಿ ಎಷ್ಟೋ ನಮ್ಮ ನಿಮ್ಮ ತೋಟದ ಮಣ್ಣಿನಲ್ಲೇ ಇವೆ ಎಂಬುದೂ ನಿಜ. ಹೀಗಿರುವಾಗ ಹಣ ಕೊಟ್ಟು ಹೊರಗಿನಿಂದ ತರುವ ಮುಂಚೆ, ಮನೆಯಲ್ಲಿರುವ ಆಳನ್ನು ಸರಿಯಾಗಿ ನೋಡಿಕೊಂಡು ದುಡಿಸಿಕೊಳ್ಳುವುದು ಹೇಗೆಂದು ತಿಳಿಯುವುದು ಲೇಸು. ಅವು ಮಾಡಲಾರದ ಕೆಲಸ ಯಾವುದೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ತಿಳಿದಿರಬೇಕು.

ಪ್ರಶ್ನೆ ಹುಟ್ಟಿದ್ದು ಏಕೆ?

ಹೊಸರಿತ್ತಿಯಂಥ ಊರಿನಲ್ಲಿ ಈ ಪ್ರಶ್ನೆ ಹುಟ್ಟಿದ್ದು ಆಶ್ಚರ್ಯವಲ್ಲ. ವರದೆಯ ದಂಡೆಯ ನಮ್ಮ ಎರೆ ಹೊಲಗಳು ಮೂಲತಃ ಅಡಿಕೆಯ ನೆಲವಲ್ಲ. ಜೋಳ, ಹತ್ತಿ, ಮೆಣಸಿನಕಾಯಿ ಬೆಳೆದು ಬಂದ ಭೂಮಿ ಇದು. ಈಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳಲ್ಲಿ ಹೊಳೆಯ ನೀರೋ ಕೊಳವೆ ಬಾವಿಯ ನೀರೋ ಸಿಕ್ಕ ಕಡೆಗಳಲ್ಲಿ ಅಡಿಕೆ ಸಸಿಗಳು ಏಳುತ್ತಿವೆ. ಹತ್ತಿಗೂ ಮೆಣಸಿನಕಾಯಿಗೂ ನಮ್ಮ ಭಾಗದಲ್ಲಿ ಇಷ್ಟು ವರ್ಷ ಹೊಡೆದ ‘ಎಣ್ಣೆ’ಯ ಲೆಕ್ಕ ಇಟ್ಟವರು ಯಾರೂ ಇಲ್ಲ. ಡಿ.ಡಿ.ಟಿ., ಬಿ.ಎಚ್.ಸಿ. ಪುಡಿ, ಸೆವಿನ್, ಎಂಡೋಸಲ್ಫಾನ್ ಮೊದಲಾದವು ಒಂದೊಂದು ಕಾಲದಲ್ಲಿ ಮನೆಮಾತಾಗಿದ್ದವು.

ಘಟ್ಟದ ಕಾಫಿ ಬೆಳೆಗಾರ ಬಂಧುಗಳ ಕಥೆಯೂ ಬೇರೆಯಲ್ಲ. ಬಿಳಿ ಕಾಂಡಕೊರಕದ ಹತೋಟಿಗಾಗಿ ಅರೇಬಿಕಾ ಗಿಡದ ಕಾಂಡಕ್ಕೆ ಬಿ.ಎಚ್.ಸಿ. ಬಳಿಯುವುದು, ಆಮೇಲೆ ಲಿಂಡೇನ್ ಬಳಿಯುವುದು ದಶಕಗಳ ಕಾಲ ರೂಢಿಯಲ್ಲಿತ್ತು. ಮಳೆಗೆ ತೊಳೆದು ಬಂದದ್ದು ಗಿಡದ ಬುಡದ ಮಣ್ಣನ್ನೇ ಸೇರಿತು.

ಇವುಗಳಲ್ಲಿ ಹಲವು ಈಗ ಕಾನೂನಿನಿಂದ ನಿಂತಿವೆ. ಬೇಸಾಯಕ್ಕೆ ಡಿ.ಡಿ.ಟಿ. ಬಳಕೆ 1989ರಲ್ಲಿಯೂ, ಬಿ.ಎಚ್.ಸಿ. 1997ರಲ್ಲಿಯೂ ನಿಷೇಧಿಸಲ್ಪಟ್ಟವು. ಎಂಡೋಸಲ್ಫಾನನ್ನು ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಲ್ಲಿ ತಡೆಯಿತು. ಲಿಂಡೇನ್ ಬಳಕೆ 2013ರಲ್ಲಿ ಕೊನೆಗೊಂಡಿತು. ಗೊಣ್ಣೆಹುಳುವಿಗೆ ಹಾಕುತ್ತಿದ್ದ ಫೋರೇಟ್ ಹರಳು 2020ರ ಡಿಸೆಂಬರ್ ಕೊನೆಗೆ ನಿಂತಿತು. ಆದರೆ ಅಂಗಡಿಯಲ್ಲಿ ಮಾರಾಟ ನಿಂತ ದಿನವೇ ಮಣ್ಣಿನಲ್ಲಿದ್ದದ್ದು ಮಾಯವಾಗುವುದಿಲ್ಲ. ಡಿ.ಡಿ.ಟಿ. ಮಣ್ಣಿನಲ್ಲಿ ಅರ್ಧಕ್ಕೆ ಇಳಿಯಲು ಎರಡರಿಂದ ಹದಿನೈದು ವರ್ಷ ಬೇಕೆಂದು ಅಂದಾಜು. ಮಣ್ಣಿನಿಂದ ಮೇವಿಗೆ, ಮೇವಿನಿಂದ ಹಾಲಿಗೆ, ಹಾಲಿನಿಂದ ಮನುಷ್ಯರ ಮೈಯ ಕೊಬ್ಬಿಗೆ ಸೇರುವ ಗುಣ ಡಿ.ಡಿ.ಟಿ., ಬಿ.ಎಚ್.ಸಿ. ಜಾತಿಯವಕ್ಕಿದೆ. ತೋಟದ ನಡುವೆ ಹುಲ್ಲು ಕೊಯ್ದು ಎಮ್ಮೆಗೆ ಹಾಕುವ ನಮಗೆ ಇದು ಕೇವಲ ಪುಸ್ತಕದ ಮಾತಲ್ಲ.

ಜೀವಾಣು ವಿಷವನ್ನು ಒಡೆಯುವ ಬಗೆ

ಜೀವಾಣುವಿಗೆ ಬೇಕಾದದ್ದು ಇಂಗಾಲ, ಸಾರಜನಕ, ರಂಜಕ ಮುಂತಾದ ಆಹಾರ. ಸಗಣಿಯಲ್ಲಿರುವ ಇಂಗಾಲವಾದರೂ ಸರಿ, ಕೀಟನಾಶಕದಲ್ಲಿರುವ ಇಂಗಾಲವಾದರೂ ಸರಿ, ಅದನ್ನು ಬಿಡಿಸಿಕೊಳ್ಳುವ ಕಿಣ್ವ ತನ್ನಲ್ಲಿದ್ದರೆ ಅದು ಬಿಡಿಸಿಕೊಂಡು ತಿನ್ನುತ್ತದೆ. ಬಿ.ಎಚ್.ಸಿ.ಯ ಕಣವೆಂದರೆ ಆರು ಇಂಗಾಲಗಳ ಒಂದು ಬಳೆ, ಅದರ ಸುತ್ತ ಆರು ಕ್ಲೋರಿನ್. ಬಲ್ಲ ಜೀವಾಣು ಕ್ಲೋರಿನನ್ನು ಒಂದೊಂದಾಗಿ ಕಳಚುತ್ತದೆ, ಕೊನೆಗೆ ಬಳೆಯನ್ನೇ ಮುರಿಯುತ್ತದೆ. ಕೆಲಸ ಪೂರ್ತಿಯಾದರೆ ಉಳಿಯುವುದು ಇಂಗಾಲಾಮ್ಲ, ನೀರು ಮತ್ತು ಉಪ್ಪಿನಲ್ಲಿರುವಂಥ ನಿರಪಾಯದ ಕ್ಲೋರೈಡು.

ಇಂಥ ಜೀವಾಣುವನ್ನು ವಿಜ್ಞಾನಿಗಳು ಹುಡುಕುವ ಉಪಾಯವೂ ಸರಳವಾದದ್ದೇ. ಒಂದು ಚಮಚ ಮಣ್ಣನ್ನು ಲವಣದ ನೀರಿಗೆ ಹಾಕಿ, ತಿನ್ನಲು ಆ ಕೀಟನಾಶಕವೊಂದನ್ನು ಬಿಟ್ಟು ಬೇರೇನನ್ನೂ ಕೊಡುವುದಿಲ್ಲ. ಉಳಿದವು ಹಸಿವಿನಿಂದ ಸಾಯುತ್ತವೆ. ಅದನ್ನು ತಿಂದು ಬದುಕಬಲ್ಲವು ಹೆಚ್ಚುತ್ತವೆ. ಹೀಗೆ ಮತ್ತೆ ಮತ್ತೆ ಮಾಡಿ ಬೇಕಾದದ್ದನ್ನು ಬೇರ್ಪಡಿಸುತ್ತಾರೆ.

ಈ ಕೆಲಸ ನಮ್ಮ ನೆರೆಯ ಧಾರವಾಡದಲ್ಲಿಯೇ ನಡೆದಿದೆ ಎಂಬುದು ಬಹು ಮಂದಿಗೆ ತಿಳಿಯದು. ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಪ್ರೊ. ನಿನ್ನೇಕರ್ ಮತ್ತು ಅವರ ಸಂಗಡಿಗರು ಸೆವಿನ್ ಎಂದು ನಾವು ಬಲ್ಲ ಕಾರ್ಬರಿಲನ್ನು ಒಡೆಯುವ ಮೈಕ್ರೋಕಾಕಸ್ ಜೀವಾಣುವಿನ ವಿಚಾರವನ್ನು 2001ರಲ್ಲಿ ಪ್ರಕಟಿಸಿದರು. ಡಿ.ಡಿ.ಟಿ. ಒಡೆಯುವ ಸ್ಯೂಡೋಮೊನಾಸ್ ಕುರಿತು 2004ರಲ್ಲಿ, ಸೈಪರ್‌ಮೆಥ್ರಿನ್ ಒಡೆಯುವ ಮತ್ತೊಂದು ಮೈಕ್ರೋಕಾಕಸ್ ಕುರಿತು 2008ರಲ್ಲಿ ಅವರ ಬರಹಗಳು ಬಂದವು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಬಿ.ಎಚ್.ಸಿ. ಒಡೆಯಲು ಒಂದೇ ಜೀವಾಣುವಿನ ಬದಲು ಹಲವು ಜೀವಾಣುಗಳ ಕೂಟವನ್ನೇ ಪಳಗಿಸಿ 2000ದಲ್ಲಿ ವರದಿ ಮಾಡಿದರು. ಅದಕ್ಕೂ ಹಿಂದೆ, 1990ರಲ್ಲಿ, ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಬ್ಬಿನ ಬೇರಿನ ಸುತ್ತಲ ಮಣ್ಣಿನಿಂದ ಬಿ.ಎಚ್.ಸಿ. ತಿನ್ನುವ ಜೀವಾಣುವನ್ನು ಬೇರ್ಪಡಿಸಿದ್ದರು. ಅದೇ ಮೂಲದ ತಳಿಯನ್ನು ದೆಹಲಿ ವಿಶ್ವವಿದ್ಯಾಲಯದಲ್ಲಿ ಆಳವಾಗಿ ಅಭ್ಯಾಸ ಮಾಡಿ ಸ್ಫಿಂಗೋಬಿಯಂ ಇಂಡಿಕಂ ಎಂದು ನಮ್ಮ ದೇಶದ ಹೆಸರನ್ನೇ ಇಟ್ಟರು.

ಬೇರಿನ ಸುತ್ತಲ ಮಣ್ಣು ಎಂಬ ಮಾತನ್ನು ಗಮನಿಸಬೇಕು. ಬೇರು ತನ್ನಿಂದ ಸಕ್ಕರೆಯಂಥ ರಸವನ್ನು ಒಸರಿಸುತ್ತದೆ. ಅಲ್ಲಿ ಜೀವಾಣುಗಳ ಸಂತೆಯೇ ಕೂಡಿರುತ್ತದೆ. ಬರಿಯ ನೆಲಕ್ಕಿಂತ ಬೇರು ಹಬ್ಬಿದ ನೆಲದಲ್ಲಿ ವಿಷ ಬೇಗ ಕರಗುವುದಕ್ಕೆ ಇದೂ ಒಂದು ಕಾರಣ.

ಒಂದೇ ಔಷಧಿ ಮತ್ತೆ ಮತ್ತೆ ಹಾಕಿದರೆ

ಫಿಲಿಪ್ಪೀನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಆದ ಸೇತುನಾಥನ್ ಎಂಬ ವಿಜ್ಞಾನಿ ಜಪಾನಿನ ಯೋಶಿದಾ ಅವರ ಜೊತೆ ಕೆಲಸ ಮಾಡುತ್ತಿದ್ದರು. ಡಯಾಜಿನಾನ್ ಎಂಬ ಕೀಟನಾಶಕವನ್ನು ಪದೇ ಪದೇ ಹಾಕಿದ ಗದ್ದೆಗಳಲ್ಲಿ ಅದು ಬರಬರುತ್ತ ಬಹಳ ಬೇಗ ಕರಗಿಹೋಗುತ್ತಿತ್ತು. ಕಾರಣ ಹುಡುಕಿದಾಗ ಅದನ್ನೇ ತಿಂದು ಬೆಳೆದ ಫ್ಲೇವೋಬ್ಯಾಕ್ಟೀರಿಯಂ ಎಂಬ ಜೀವಾಣು ಸಿಕ್ಕಿತು. ಈ ವಿಚಾರ ಪ್ರಕಟವಾದದ್ದು 1973ರಲ್ಲಿ.

ಇದರಲ್ಲಿ ಬೆಳೆಗಾರನಿಗೆ ಎರಡು ಪಾಠಗಳಿವೆ. ಮಣ್ಣು ತಾನಾಗಿಯೇ ವಿಷ ಕರಗಿಸಲು ಕಲಿಯುತ್ತದೆ ಎಂಬುದು ಒಂದು, ಇದು ಸಂತೋಷದ ಸಂಗತಿ. ಮತ್ತೊಂದು ಪಾಠ ಜೇಬಿಗೆ ಸಂಬಂಧಿಸಿದ್ದು. ಒಂದೇ ಜಾತಿಯ ಔಷಧಿಯನ್ನು ವರ್ಷ ವರ್ಷವೂ ಅದೇ ಮಣ್ಣಿಗೆ ಸುರಿದರೆ, ಹುಳುವಿಗೆ ತಲಪುವ ಮುಂಚೆಯೇ ಜೀವಾಣುಗಳು ಅದನ್ನು ಮುಗಿಸಿಬಿಡಬಹುದು. ಕಾರ್ಬೋಫುರಾನ್‌ನಂಥ ಮಣ್ಣಿಗೆ ಹಾಕುವ ಕೀಟನಾಶಕಗಳಲ್ಲಿ ಇದು ಹಲವು ದೇಶಗಳಲ್ಲಿ ಕಂಡುಬಂದಿದೆ. “ಮೊದಲಿನ ಹಾಗೆ ಔಷಧಿ ಹಿಡಿಯುತ್ತಿಲ್ಲ” ಎಂದು ದೂರುವ ಸದಸ್ಯರು ಕೂಡಲೇ ಪ್ರಮಾಣ ಎರಡರಷ್ಟು ಮಾಡುವುದು ಪರಿಹಾರವಲ್ಲ. ಅದರಿಂದ ಬಾವಿಗೂ ಕೂಲಿಯಾಳುಗಳ ಮೈಗೂ ಸೇರುವ ವಿಷ ಹೆಚ್ಚೀತೇ ಹೊರತು ಹುಳು ಕಡಮೆಯಾದೀತೆಂಬ ಭರವಸೆಯಿಲ್ಲ.

ಅರ್ಧ ಒಡೆದ ವಿಷದ ಅಪಾಯ

ಜೀವಾಣು ಮುಟ್ಟಿದ್ದೆಲ್ಲ ಅಮೃತವಾಗುತ್ತದೆಂದು ಭಾವಿಸಲಾಗದು. ಎಂಡೋಸಲ್ಫಾನ್ ಮಣ್ಣಿನಲ್ಲಿ ಎರಡು ದಾರಿ ಹಿಡಿಯುತ್ತದೆ. ಒಂದು ದಾರಿಯಲ್ಲಿ ಅದು ಬಹುಮಟ್ಟಿಗೆ ವಿಷ ಕಳೆದುಕೊಂಡ ಡಯೋಲ್ ಆಗುತ್ತದೆ. ಇನ್ನೊಂದು ದಾರಿಯಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಇದು ಮೂಲದಷ್ಟೇ ವಿಷ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುವಂಥದ್ದು. ಮಣ್ಣಿನಲ್ಲಿ ಎಂಡೋಸಲ್ಫಾನ್ ಕಡಮೆಯಾಯಿತೆಂದು ಕಾಗದದಲ್ಲಿ ಬಂದರೆ, ಅದು ಏನಾಗಿ ಬದಲಾಯಿತೆಂದೂ ಕೇಳಬೇಕಾಗುತ್ತದೆ.

ನಮ್ಮಲ್ಲಿ ಈಗಲೂ ಗೊಣ್ಣೆಹುಳುವಿಗೆಂದು, ಗೆದ್ದಲಿಗೆಂದು ಬಳಸುವ ಕ್ಲೋರ್‌ಪೈರಿಫಾಸ್ ವಿಷಯವೂ ಇಂಥದ್ದೇ. ಸಾಮಾನ್ಯವಾಗಿ ಎರಡರಿಂದ ನಾಲ್ಕು ತಿಂಗಳಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಆದರೆ ಒಡೆದಾಗ ಹುಟ್ಟುವ ಟಿ.ಸಿ.ಪಿ. ಎಂಬ ತುಣುಕು ಜೀವಾಣುಗಳನ್ನೇ ಕುಗ್ಗಿಸುತ್ತದೆ. ಹೆಚ್ಚು ಸುರಿದಷ್ಟೂ ಕೆಲಸದ ಆಳುಗಳೇ ಬಳಲುತ್ತಾರೆ. ಕಾಫಿ ಬೆಳೆಗಾರರು ಇನ್ನೊಂದನ್ನೂ ನೆನಪಿಡಬೇಕು. ಯುರೋಪ್ ಒಕ್ಕೂಟವು ಕ್ಲೋರ್‌ಪೈರಿಫಾಸ್‌ಗೆ ಕೊಟ್ಟಿದ್ದ ಅನುಮತಿಯನ್ನು 2020ರಲ್ಲಿ ನವೀಕರಿಸಲಿಲ್ಲ. ಆಹಾರದಲ್ಲಿ ಅದರ ಶೇಷಕ್ಕಿದ್ದ ಮಿತಿಯನ್ನೂ ಅತ್ಯಲ್ಪಕ್ಕೆ ಇಳಿಸಿತು. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ, ಕೆಲವು ವಿನಾಯಿತಿಗಳೊಡನೆ, ಅದು ಸೇರಿತು.

ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ ಕಡೆಯ ಕನ್ನಡಿಗರ ಗೋಳನ್ನು ಇಲ್ಲಿ ನೆನೆಯದಿರುವುದು ಸಾಧ್ಯವಿಲ್ಲ. ಅವರಲ್ಲಿ ನಮ್ಮಂತೆಯೇ ಅಡಿಕೆ ಬೆಳೆಯುವವರು ಬಹಳ. ಗುಡ್ಡದ ಮೇಲಿನ ಸರ್ಕಾರಿ ತೋಟಗಾರಿಕೆ ನಿಗಮದ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ತಗ್ಗಿನ ಮನೆಗಳ ಮೇಲೂ ನೀರಿನ ತೋಡುಗಳಿಗೂ ಬಿತ್ತು. ಸುಮಾರು ಎರಡು ದಶಕ ನಡೆದ ಆ ಸಿಂಪರಣೆ 2000ದ ಕೊನೆಯ ಹೊತ್ತಿಗೆ ನಿಂತಿತು. ಮಣ್ಣು ಕಾಲಕ್ರಮದಲ್ಲಿ ತನ್ನ ಪಾಲಿನ ವಿಷವನ್ನು ಕರಗಿಸಿಕೊಳ್ಳಬಹುದು. ಹುಟ್ಟುವಾಗಲೇ ಊನಗೊಂಡ ಮಗುವಿನ ದೇಹಕ್ಕೆ ಆದ ನಷ್ಟವನ್ನು ಯಾವ ಜೀವಾಣುವೂ ಸರಿಪಡಿಸಲಾರದು.

ತಾಮ್ರವನ್ನು ಯಾವ ಜೀವಾಣುವೂ ತಿನ್ನದು

ಅಡಿಕೆ, ಕಾಫಿ ಎರಡೂ ಬೆಳೆಗಾರರಿಗೆ ಹೇಳಲೇಬೇಕಾದ ಮಾತು ಇದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದ, ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್‌ಮನ್ ಅವರ ಕಾಲದಿಂದ, ನಮ್ಮ ಮಲೆನಾಡಿನಲ್ಲಿ ಬಂದಿದೆ. ಕಾಫಿಗೆ ಎಲೆತುಕ್ಕಿಗೂ ಕೊಳೆಗೂ ಅದೇ ಮದ್ದು. ಅದನ್ನು ಬಿಡಿ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ, ಹೇಳಬೇಕಾಗಿಯೂ ಇಲ್ಲ.

ಆದರೆ ಕೀಟನಾಶಕವೆಂಬುದು ಹಲವು ಪರಮಾಣುಗಳನ್ನು ಜೋಡಿಸಿ ಕಟ್ಟಿದ ವಸ್ತು; ಕಟ್ಟಿದ್ದನ್ನು ಒಡೆಯಬಹುದು. ತಾಮ್ರ ಒಂದು ಮೂಲಧಾತು. ಅದರಲ್ಲಿ ಒಡೆಯುವುದಕ್ಕೆ ಏನೂ ಇಲ್ಲ. ಹಾಕಿದ್ದು ಮೇಲುಮಣ್ಣಿನಲ್ಲಿಯೇ ಕೂಡುತ್ತ ಹೋಗುತ್ತದೆ. ಹೆಚ್ಚಾದರೆ ಎರೆಹುಳುಗಳಿಗೂ ಜೀವಾಣುಗಳಿಗೂ ಹಾನಿ. ಅಂದರೆ ಬೇರೆ ವಿಷಗಳನ್ನು ಕರಗಿಸಬೇಕಾದ ಆಳುಗಳನ್ನೇ ನಾವು ಕುಗ್ಗಿಸಿದ ಹಾಗಾಗುತ್ತದೆ.

ಲೆಕ್ಕ ಸುಲಭವಾಗಿದೆ. ನೂರು ಲೀಟರ್ ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ ಬೇಕು. ಅದರಲ್ಲಿ ತಾಮ್ರ ಸುಮಾರು ಕಾಲು ಕಿಲೋ. ನಿಮ್ಮ ತೋಟಕ್ಕೆ ವರ್ಷಕ್ಕೆ ಎಷ್ಟು ಕಿಲೋ ಮೈಲುತುತ್ತ ಬಂತೆಂದು ಬರೆದು, ನಾಲ್ಕರಿಂದ ಭಾಗಿಸಿ, ಎಕರೆಗಳಿಗೆ ಹಂಚಿ ನೋಡಿ. ಹತ್ತು ವರ್ಷದ ಮೊತ್ತ ಕಣ್ಣಿಗೆ ಬಿದ್ದಾಗ ಒಂದು ಸುತ್ತು ಉಳಿಸುವ ಯೋಚನೆ ತಾನಾಗಿ ಬರುತ್ತದೆ. ನಮ್ಮ ಹೊಸರಿತ್ತಿ ಕಡೆ ಮಳೆ ಕಡಮೆ. ಮಲೆನಾಡಿನವರನ್ನು ನೋಡಿ ಅವರಷ್ಟೇ ಸುತ್ತು ಹೊಡೆಯುವ ಅಗತ್ಯ ಬಯಲುಸೀಮೆಯ ತೋಟಕ್ಕೆ ಇಲ್ಲ.

ಪೊಟ್ಟಣ ಕೊಳ್ಳಬೇಕೇ?

ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅಮೆರಿಕದಲ್ಲಿ ನೆಲೆಸಿದ್ದ ಭಾರತೀಯ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿಯವರು ಕಚ್ಚಾ ತೈಲವನ್ನು ಒಡೆಯುವ ಸ್ಯೂಡೋಮೊನಾಸ್ ತಳಿಯೊಂದನ್ನು ರೂಪಿಸಿದರು. ಜೀವಿಯೊಂದಕ್ಕೆ ಪೇಟೆಂಟ್ ಕೊಡಬಹುದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ತೀರ್ಪಿತ್ತದ್ದು ಆ ತಳಿಯ ದಾವೆಯಲ್ಲಿಯೇ. ಆದರೆ 1989ರಲ್ಲಿ ಅಲಾಸ್ಕಾದ ತೀರದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಒಡೆದು ತೈಲ ಹರಿದಾಗ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಕೆಲಸಕ್ಕೆ ಬಂದದ್ದು ಹೊರಗಿನ ಜೀವಾಣುವಲ್ಲ. ತೀರದ ಕಲ್ಲುಗಳ ಮೇಲೆ ಸಾರಜನಕ, ರಂಜಕದ ಗೊಬ್ಬರ ಹಾಕಿದರು. ಅಲ್ಲಿಯೇ ಇದ್ದ ಜೀವಾಣುಗಳು ಆ ಆಹಾರದ ಬಲದಿಂದ ತೈಲವನ್ನು ಬೇಗ ಒಡೆದವು.

ತೋಟದ ಮಾತೂ ಇದೇ. ಪ್ರಯೋಗಶಾಲೆಯ ಸೀಸೆಯಲ್ಲಿ ಸುಖವಾಗಿದ್ದ ಜೀವಾಣುವನ್ನು ಬಿಸಿಲಿನ ಎರೆ ಮಣ್ಣಿಗೆ ಬಿಟ್ಟರೆ, ಅಲ್ಲಿ ಮೊದಲೇ ನೆಲೆಸಿದ ಕೋಟ್ಯಂತರ ಜೀವಾಣುಗಳ ಪೈಪೋಟಿಯಲ್ಲಿ ಅದು ಉಳಿಯುವುದೇ ಕಷ್ಟ. ಆದುದರಿಂದ ‘ಸಕಲ ವಿಷ ನಿವಾರಕ’ ಎಂದು ಚೀಟಿ ಅಂಟಿಸಿ ಮಾರುವವರನ್ನು ಮೂರು ಪ್ರಶ್ನೆ ಕೇಳಿರಿ: ಒಳಗಿರುವ ಜೀವಾಣು ಯಾವುದು? ಯಾವ ವಿಷವನ್ನು ಒಡೆಯುತ್ತದೆ? ನಮ್ಮಂಥ ಮಣ್ಣಿನಲ್ಲಿ ಪರೀಕ್ಷಿಸಿದವರು ಯಾರು? ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಸಿಗದಿದ್ದರೆ ಹಣ ಉಳಿಸಿರಿ.

ನಾವು ಮಾಡಬಹುದಾದದ್ದು

1. ತೋಟದ ಜೀವಾಣುಗಳಿಗೆ ಮೇವು, ತೇವ, ಗಾಳಿ ಮೂರೂ ಬೇಕು. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ವರ್ಷಕ್ಕೊಮ್ಮೆ ತಪ್ಪದೆ ಹಾಕಿರಿ. ಸೋಗೆ, ಹಾಳೆ, ಕಳೆ ಯಾವುದನ್ನೂ ಸುಡದೆ ನೆಲಕ್ಕೆ ಹೊದಿಸಿರಿ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟ ಮೇಲುಮಣ್ಣಿನಲ್ಲಿ ಜೀವಾಣುಗಳ ಕೆಲಸ ನಿಂತೇಹೋಗುತ್ತದೆ. ಎರೆ ಭೂಮಿಯವರು ಬಸಿಗಾಲುವೆ ತೆಗೆಯುವುದನ್ನು ಮರೆಯಬಾರದು. ನೀರು ನಿಂತಲ್ಲಿ ಗಾಳಿಯಿಲ್ಲ.

2. ಬಾವಿ ಹೊಳೆಗಳಿಗೆ ಸೇರುವ ವಿಷದಲ್ಲಿ ದೊಡ್ಡ ಪಾಲು ಔಷಧಿ ಬೆರೆಸುವ, ಪಂಪು ತೊಳೆಯುವ ಒಂದೇ ಜಾಗದಿಂದ ಬರುತ್ತದೆಂದು ಯುರೋಪಿನವರು ಕಂಡುಕೊಂಡಿದ್ದಾರೆ. ಇದಕ್ಕಾಗಿ ಸ್ವೀಡನ್ನಿನ ರೈತರು 1990ರ ದಶಕದ ಮೊದಲಿಗೆ ‘ಜೈವಿಕ ಗುಂಡಿ’ಯನ್ನು ಬಳಕೆಗೆ ತಂದರು. ಎರಡು ಅಡಿ ಆಳದ ಗುಂಡಿಯ ತಳಕ್ಕೆ ಜೇಡಿಮಣ್ಣು ಹಾಕಿ, ಅಳತೆಯಲ್ಲಿ ಅರ್ಧ ಹುಲ್ಲು, ಕಾಲುಭಾಗ ಪೀಟ್ ಎಂಬ ಕೊಳೆತ ಸಸ್ಯದ ಮಣ್ಣು, ಕಾಲುಭಾಗ ಹೊಲದ ಮೇಲುಮಣ್ಣು ಬೆರೆಸಿ ತುಂಬಿ, ಮೇಲೆ ಹುಲ್ಲು ಬೆಳೆಸುತ್ತಾರೆ. ಪೀಟ್ ಸಿಗದ ದೇಶಗಳಲ್ಲಿ ಕಾಂಪೋಸ್ಟ್ ಬಳಸಿದ್ದಾರೆ. ಹುಲ್ಲನ್ನು ಕೊಳೆಸುವ ಬಿಳಿ ಶಿಲೀಂಧ್ರಗಳೂ ಮಣ್ಣಿನ ಜೀವಾಣುಗಳೂ ಕೂಡಿ ತೊಳೆದ ನೀರಿನ ಔಷಧಿಯನ್ನು ಹಿಡಿದಿಟ್ಟು ಒಡೆಯುತ್ತವೆ.

ನಮ್ಮಲ್ಲಿ ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ಆಳದ ಗುಂಡಿ ಸಣ್ಣ ಬೆಳೆಗಾರನ ಪಂಪಿಗೆ ಸಾಕು. ಒಳಗೆ ದಪ್ಪ ತಾಡಪತ್ರಿ ಹಾಸಿ, ಕತ್ತರಿಸಿದ ಭತ್ತದ ಹುಲ್ಲು ಅಥವಾ ಜೋಳದ ಕಣಿಕೆ ಅರ್ಧ, ಕಳಿತ ಗೊಬ್ಬರ ಕಾಲು, ಮೇಲುಮಣ್ಣು ಕಾಲು ತುಂಬಿರಿ. ತೇವ ಮಾಡಿ ಒಂದು ತಿಂಗಳು ಬಿಟ್ಟು ಆಮೇಲೆ ಬಳಸಿರಿ. ಮಳೆ ನೀರು ತುಂಬದಂತೆ ಮೇಲೊಂದು ತಗಡಿನ ಮಾಡು ಇರಲಿ. ಬಾವಿ, ಹಳ್ಳಗಳಿಂದ ನೂರು ಅಡಿಗಿಂತ ಹತ್ತಿರ ಬೇಡ. ಪಂಪು, ಕೊಡ ತೊಳೆದ ನೀರು ಮಾತ್ರ ಇದಕ್ಕೆ ಹೋಗಲಿ. ಡಬ್ಬಿಯಲ್ಲಿ ಉಳಿದ ಗಟ್ಟಿ ಔಷಧಿಯನ್ನಾಗಲಿ, ಬೋರ್ಡೋ ತೊಳೆದ ನೀರನ್ನಾಗಲಿ ಸುರಿಯಬಾರದು. ತಾಮ್ರ ಅಲ್ಲಿಯೂ ಕರಗದು, ಗುಂಡಿಯ ಜೀವಾಣುಗಳನ್ನೂ ಕೆಡಿಸುತ್ತದೆ.

3. ಖಾಲಿ ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಹಾಕಿರಿ. ಡಬ್ಬಿಗೆ ತೂತು ಹೊಡೆದಿಡಿ. ನೀರು ತರಲು, ಎಣ್ಣೆ ಇಡಲು ಅದು ಮತ್ತೆ ಮನೆಗೆ ಬರಬಾರದು.

4. ಔಷಧಿಯ ಅಗತ್ಯವನ್ನೇ ಇಳಿಸಿರಿ. ಕಾಂಡಕೊರಕಕ್ಕೆ ಶೇಕಡಾ ಹತ್ತರ ಸುಣ್ಣದ ತಿಳಿ ಬಳಿಯುವುದು, ನೆರಳು ಕಾಪಾಡುವುದು, ಹುಳು ಹಿಡಿದ ಗಿಡವನ್ನು ಕಾಲಕ್ಕೆ ಸರಿಯಾಗಿ ಕಿತ್ತು ಸುಡುವುದು ಕಾಫಿಯವರ ಕೈಯಲ್ಲಿದೆ. ಅಡಿಕೆಯವರು ಮುಂಗಾರಿನ ಮೊದಲ ಮಳೆಗಳ ನಂತರ ಮುಸ್ಸಂಜೆ ಮಣ್ಣಿನಿಂದೇಳುವ ದುಂಬಿಗಳನ್ನು ಆಯ್ದು ಕೊಂದರೆ ಮುಂದಿನ ಗೊಣ್ಣೆಹುಳು ಅಷ್ಟು ಕಡಮೆ. ಕೇರಿಯವರೆಲ್ಲ ಕೂಡಿ ಮಾಡಿದರೆ ಮಾತ್ರ ಇದು ಫಲಿಸುತ್ತದೆ.

5. ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರದ ಅಂಶವನ್ನೂ ನೋಡಿಕೊಡಲು ಕೇಳಿರಿ. ನಮ್ಮ ಜಿಲ್ಲೆಯವರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಕಾಫಿಯವರು ಕಾಫಿ ಮಂಡಳಿಯ ಕಚೇರಿಗಳಲ್ಲಿ ವಿಚಾರಿಸಬಹುದು.

ತುಂಗಭದ್ರೆಗೆ ಕಾರ್ಖಾನೆಯ ನೀರು ಸೇರಿ ಮೀನು ಸತ್ತಾಗ, 1980ರ ದಶಕದಲ್ಲಿ, ರಾಣೆಬೆನ್ನೂರು ಸೀಮೆಯ ಹೊಳೆದಂಡೆಯ ಜನ ಹೋರಾಡಿದ್ದು ನಮ್ಮಲ್ಲಿ ಹಿರಿಯರಿಗೆ ನೆನಪಿದೆ. ಅಲ್ಲಿ ಕೊಳಕು ಬಿಡುವ ಕೊಳವೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಬೊಟ್ಟು ಮಾಡಿ ತೋರಿಸುವುದು ಸಾಧ್ಯವಿತ್ತು. ನಮ್ಮ ತೋಟಗಳಿಂದ ವರದೆಗೆ ಹೋಗುವುದಕ್ಕೆ ಅಂಥ ಒಂದು ಕೊಳವೆ ಇಲ್ಲ. ಸಾವಿರ ಪಂಪುಗಳನ್ನು ಸಾವಿರ ಬಾವಿಕಟ್ಟೆಗಳಲ್ಲಿ ತೊಳೆದ ನೀರು ಅದು. ಅದನ್ನು ತಡೆಯುವ ಕೆಲಸ ಸರ್ಕಾರದಿಂದ ಆಗುವಂಥದ್ದಲ್ಲ, ಬೆಳೆಗಾರನಿಂದಲೇ ಆಗಬೇಕು. ಮುಂಗಾರಿಗೆ ಮುಂಚೆ ತೊಳೆಗುಂಡಿ ಮಾಡಿಕೊಳ್ಳಲು ಇಚ್ಛಿಸುವ ಸದಸ್ಯರು ಕಚೇರಿಯಲ್ಲಿ ಹೆಸರು ಬರೆಸಿದರೆ, ಅಳತೆ ಮತ್ತು ಮಿಶ್ರಣದ ವಿವರವನ್ನು ಬರೆದುಕೊಡುತ್ತೇವೆ. ಬೇಕಾದ ಸಾಮಾನೆಲ್ಲ, ತಾಡಪತ್ರಿ ಮತ್ತು ತಗಡು ಬಿಟ್ಟರೆ, ನಿಮ್ಮ ಹಿತ್ತಲಲ್ಲಿಯೇ ಇದೆ.